ಪುರಂದರದಾಸರ ಪರಿವರ್ತನೆ

ಕರ್ನಾಟಕ ಸಂಗೀತವನ್ನು ಕಲಿಯತೊಡಗುವ ಮಗು ಇಂದಿಗೂ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ತನ್ನ ಪಾಠವನ್ನು ಆರಂಭಿಸುತ್ತದೆ. ಅಲ್ಲಿಂದ ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳೆಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಸಂಗೀತ ಲೋಕದ ನಂಬಿಕೆ. ಅದಕ್ಕಾಗಿಯೇ ಅವರಿಗೆ ಕರ್ನಾಟಕ ಸಂಗೀತ ಪಿತಾಮಹರೆಂಬ ಗೌರವ ಸಂದಿದೆ. ಕನ್ನಡನಾಡಿನ ಮನೆಗಳಲ್ಲಿ ಮುಂಜಾವಿನ ಉದಯರಾಗದಿಂದ ಹಿಡಿದು ರಾತ್ರಿಯ ಜೋಗುಳದವರೆಗೆ ಅವರ ಪದಗಳು ಕೇಳಿಬರುತ್ತವೆ. ನಾಡಿಗೆ ಇಷ್ಟು ದೊಡ್ಡ ಸಂಪತ್ತನ್ನು ಧಾರೆಯೆರೆದು ಕೊಟ್ಟ ಈ ಮಹನೀಯರು ತಮ್ಮ ಬಾಳಿನ ಪೂರ್ವಾರ್ಧದಲ್ಲಿ ಒಂದು ಕಾಸನ್ನೂ ದಾನ ಮಾಡದ ಕಡುಲೋಭಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಲೋಭಿಯನ್ನು ದಾಸನನ್ನಾಗಿ ಮಾಡಿದ್ದು ಪಾಂಡಿತ್ಯವಲ್ಲ, ರಾಜಾಶ್ರಯವೂ ಅಲ್ಲ, ಪಶ್ಚಾತ್ತಾಪ. ಆ ಪಶ್ಚಾತ್ತಾಪದ ಕಥೆಯೇ ಪುರಂದರದಾಸರ ಜೀವನಚರಿತ್ರೆ.

ದಾಸರ ಕಾಲವನ್ನು 1484ರಿಂದ 1564ರವರೆಗೆ ಎಂದು ಸಾಮಾನ್ಯವಾಗಿ ಗಣಿಸಲಾಗಿದೆ. ಅವರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕ. ಹುಟ್ಟೂರು ಮಹಾರಾಷ್ಟ್ರದ ಪುರಂದರಗಡವೆಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಮಲೆನಾಡಿನ ತೀರ್ಥಹಳ್ಳಿಯ ಬಳಿಯ ಆರಗದ ಸೀಮೆಯೇ ಅವರ ಜನ್ಮಭೂಮಿಯೆಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಮನೆತನದ ವೃತ್ತಿ ರತ್ನವ್ಯಾಪಾರ ಮತ್ತು ಲೇವಾದೇವಿ. ಶ್ರೀನಿವಾಸ ನಾಯಕ ತಂದೆಯಿಂದ ಬಂದ ವ್ಯಾಪಾರವನ್ನು ತನ್ನ ಜಾಣ್ಮೆಯಿಂದ ಹತ್ತರಷ್ಟು ಬೆಳೆಸಿದನು. ಜನ ಅವನನ್ನು ನವಕೋಟಿ ನಾರಾಯಣನೆಂದು ಕರೆದರು. ಆದರೆ ಕೂಡಿಟ್ಟ ಹಣ ಹೆಚ್ಚಿದಂತೆ ಅವನ ಕೈ ಬಿಗಿಯಾಗುತ್ತ ಹೋಯಿತು. ಪಡೆಯುವುದನ್ನು ಬಲ್ಲ ಅವನಿಗೆ ಕೊಡುವುದು ತಿಳಿಯದಾಯಿತು. ಅವನ ಪತ್ನಿ ಸರಸ್ವತಿ ಗಂಡನಿಗೆ ತದ್ವಿರುದ್ಧವಾದ ಸ್ವಭಾವದವಳು. ಹಸಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಆ ಸಿರಿವಂತ ಮನೆಯಲ್ಲಿ ಒಂದು ಹಿಡಿ ಧಾನ್ಯ ಕೊಡುವುದಕ್ಕೂ ಅವಳಿಗೆ ಸ್ವಾತಂತ್ರ್ಯವಿರಲಿಲ್ಲ.

ಹೀಗಿರುವಾಗ ಒಂದು ದಿನ ಬಡ ಬ್ರಾಹ್ಮಣನೊಬ್ಬನು ನಾಯಕನ ಅಂಗಡಿಗೆ ಬಂದನೆಂದು ಕಥೆ ಹೇಳುತ್ತದೆ. ಮಗನ ಉಪನಯನಕ್ಕೆ ಸ್ವಲ್ಪ ದ್ರವ್ಯ ಬೇಕೆಂಬುದು ಅವನ ಪ್ರಾರ್ಥನೆ. ನಾಯಕನು ಇಲ್ಲವೆನ್ನಲಿಲ್ಲ, ಕೊಡಲೂ ಇಲ್ಲ. ನಾಳೆ ಬರಲು ಹೇಳಿದನು. ಆ ನಾಳೆ ತಿಂಗಳುಗಟ್ಟಲೆ ಬೆಳೆಯಿತು. ಬ್ರಾಹ್ಮಣನು ಬೇಸರಿಸದೆ ದಿನವೂ ಬಂದು ಅಂಗಡಿಯ ಮುಂಗಟ್ಟಿನಲ್ಲಿ ನಿಲ್ಲುತ್ತಿದ್ದನು. ಕೊನೆಗೆ ಅವನ ಕಾಟವನ್ನು ಕಳೆದುಕೊಂಡರೆ ಸಾಕೆಂದು ನಾಯಕನು ಚಲಾವಣೆಯಾಗದ ಸವಕಲು ನಾಣ್ಯಗಳ ರಾಶಿಯನ್ನು ಅವನ ಮುಂದೆ ಸುರಿದು, ಅದರಲ್ಲಿ ಒಂದನ್ನು ಆರಿಸಿಕೊಂಡು ಹೋಗುವಂತೆ ಹೇಳಿದನು. ಬ್ರಾಹ್ಮಣನು ಅದನ್ನು ಮುಟ್ಟದೆ ಹೊರಟುಹೋದನು.

ಅಲ್ಲಿಂದ ಅವನು ನೇರವಾಗಿ ನಾಯಕನ ಮನೆಗೆ ಹೋಗಿ ಸರಸ್ವತಿಯ ಮುಂದೆ ತನ್ನ ಕಷ್ಟವನ್ನು ತೋಡಿಕೊಂಡನು. ಅವಳ ಮನಸ್ಸು ಕರಗಿತು. ಮನೆಯ ಹಣದಲ್ಲಿ ಅವಳಿಗೆ ಅಧಿಕಾರವಿರಲಿಲ್ಲ. ಮೂಗಿನಲ್ಲಿದ್ದ ವಜ್ರದ ಮೂಗುತಿ ಮಾತ್ರ ತವರಿನವರು ಕೊಟ್ಟದ್ದು. ಅದು ತನ್ನದೇ ಎಂದು ಅವಳು ತಿಳಿದಿದ್ದಳು. ಅದನ್ನೇ ಬಿಚ್ಚಿ ಕೊಟ್ಟುಬಿಟ್ಟಳು. ಬ್ರಾಹ್ಮಣನು ಆ ಮೂಗುತಿಯನ್ನು ಮಾರಲು ಮತ್ತಾರ ಬಳಿಗೂ ಹೋಗದೆ ಅವಳ ಗಂಡನ ಅಂಗಡಿಗೇ ಹಿಂದಿರುಗಿದನು. ರತ್ನಪರೀಕ್ಷೆಯಲ್ಲಿ ಪಳಗಿದ ಕಣ್ಣು ತನ್ನ ಹೆಂಡತಿಯ ಒಡವೆಯನ್ನು ಗುರುತಿಸದೆ ಇರುತ್ತದೆಯೇ? ನಾಯಕನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬ್ರಾಹ್ಮಣನನ್ನು ಅಲ್ಲಿಯೇ ಕುಳ್ಳಿರಿಸಿ, ಮನೆಗೆ ಧಾವಿಸಿದನು. ಮೂಗುತಿ ಎಲ್ಲಿ ಎಂದು ಹೆಂಡತಿಯನ್ನು ಗದರಿಸಿ ಕೇಳಿದನು. ತಲೆ ತೊಳೆಯುವಾಗ ತೆಗೆದಿಟ್ಟಿರುವೆನೆಂದು ಹೇಳಿ ಒಳಗೆ ಹೋದ ಸರಸ್ವತಿಗೆ ದಿಕ್ಕು ತೋಚಲಿಲ್ಲ. ಗಂಡನ ಕೋಪವನ್ನು ಎದುರಿಸುವುದಕ್ಕಿಂತ ಪ್ರಾಣ ಬಿಡುವುದೇ ಲೇಸೆಂದು ಬಟ್ಟಲಿನಲ್ಲಿ ವಿಷವನ್ನು ಕಲಸಿದಳು. ದೇವರನ್ನು ನೆನೆದು ಅದನ್ನು ತುಟಿಗೆ ತರುವಷ್ಟರಲ್ಲಿ ಬಟ್ಟಲಿನೊಳಗೆ ಏನೋ ಬಿದ್ದ ಸದ್ದಾಯಿತು. ನೋಡಿದರೆ ಅದೇ ಮೂಗುತಿ!

ಮೂಗುತಿಯನ್ನು ಕೈಯಲ್ಲಿ ಹಿಡಿದು ನಾಯಕನು ಅಂಗಡಿಗೆ ಓಡಿದನು. ಬೀಗ ಹಾಕಿದಂತೆಯೇ ಇತ್ತು, ಪೆಟ್ಟಿಗೆ ಬರಿದಾಗಿತ್ತು. ಬ್ರಾಹ್ಮಣನ ಸುಳಿವಿಲ್ಲ. ಮನೆಗೆ ಮರಳಿ ನಡೆದುದನ್ನೆಲ್ಲ ಹೆಂಡತಿಯ ಬಾಯಿಂದ ಕೇಳಿದಾಗ ಅವನ ಕಣ್ಣು ತೆರೆಯಿತು. ಬಂದವನು ಸಾಕ್ಷಾತ್ ವಿಠ್ಠಲನೇ ಎಂದು ಭಕ್ತರು ನಂಬುತ್ತಾರೆ. ಈ ಕಥೆಯಲ್ಲಿರುವ ಪವಾಡವನ್ನು ಬದಿಗಿರಿಸಿದರೂ ಅದರ ತಿರುಳು ಉಳಿಯುತ್ತದೆ. ಒಂದು ಒಡವೆಯನ್ನು ದಾನ ಕೊಟ್ಟ ತಪ್ಪಿಗೆ ಅವನ ಮನೆಯಾಕೆ ವಿಷದ ಬಟ್ಟಲನ್ನು ಎತ್ತಬೇಕಾಯಿತು. ಅಷ್ಟರಮಟ್ಟಿನ ಭಯವನ್ನು ಅವಳಲ್ಲಿ ಹುಟ್ಟಿಸಿದವನು ಹೊರಗಿನ ಶತ್ರುವಲ್ಲ, ಕೈಹಿಡಿದ ಗಂಡ. ನವಕೋಟಿಯ ಲೆಕ್ಕವನ್ನು ಕಾಸಿಗೂ ತಪ್ಪದಂತೆ ಇಟ್ಟವನು ತನ್ನ ಮನೆಯಲ್ಲೇ ನಡೆಯುತ್ತಿದ್ದ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ತಪ್ಪು ಮಾಡಿದವನಿಗೆ ಒಂದು ಗಳಿಗೆ ದುಃಖವಾಗುವುದು ಸಹಜ. ಆ ದುಃಖ ಮರುದಿನದ ಕೆಲಸಗಳ ನಡುವೆ ಕರಗಿಹೋಗುವುದೂ ಸಹಜ. ಶ್ರೀನಿವಾಸ ನಾಯಕನ ದುಃಖ ಹಾಗೆ ಕರಗಲಿಲ್ಲ. ತನ್ನ ಲೋಭವನ್ನು ಅವನು ಹೆಂಡತಿಯ ಮುಂದೆ ಒಪ್ಪಿಕೊಂಡನು. ಯಾವ ವಸ್ತು ತನ್ನನ್ನು ಕುರುಡನನ್ನಾಗಿ ಮಾಡಿತ್ತೋ ಆ ವಸ್ತುವನ್ನು ಇನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ನಿಶ್ಚಯಿಸಿ, ತುಲಸೀದಳವನ್ನಿಟ್ಟು ಸರ್ವಸ್ವವನ್ನೂ ದಾನ ಮಾಡಿದನು. ಹೆಂಡತಿ ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟು ಹೊರಟನು. ದಾರಿಯಲ್ಲಿ ಕಾಡು ಬಂದಾಗ ಸರಸ್ವತಿಗೆ ಕಳ್ಳರ ಭಯವಾಯಿತಂತೆ. ಏನೂ ಇಲ್ಲದವರಿಗೆ ಭಯವೇಕೆಂದು ವಿಚಾರಿಸಿದರೆ, ಗಂಡನಿಗೆ ನೀರು ಕುಡಿಯಲೆಂದು ಅವಳು ಒಂದು ಚಿನ್ನದ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿ ತಂದಿದ್ದಳು. ಬಟ್ಟಲನ್ನು ಕಾಡಿನಲ್ಲಿ ಎಸೆದೊಡನೆ ಭಯವೂ ಹೋಯಿತೆಂದು ಕಥೆ ಹೇಳುತ್ತದೆ. ಉಳಿಸಿಕೊಂಡ ಅಲ್ಪವೂ ಮನಸ್ಸನ್ನು ಎಷ್ಟು ಬಿಗಿಯಾಗಿ ಕಟ್ಟಬಲ್ಲದು ಎಂಬುದಕ್ಕೆ ಈ ಪ್ರಸಂಗ ಒಳ್ಳೆಯ ನಿದರ್ಶನವಾಗಿದೆ.

ಅವರು ಬಂದು ಸೇರಿದ್ದು ತುಂಗಭದ್ರೆಯ ದಡದ ವಿಜಯನಗರ. ಇಂದು ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಗೆ ಹೋಗುವವರಿಗೆ ಕಾಣುವುದು ಬಂಡೆಗಳ ನಡುವಿನ ಪಾಳುಮಂಟಪಗಳ ಸಾಲು. ಆಗ ಅದು ಜಗತ್ತಿನ ಮಹಾನಗರಗಳಲ್ಲಿ ಒಂದಾಗಿತ್ತು. ಕೃಷ್ಣದೇವರಾಯನು 1509ರಿಂದ 1529ರವರೆಗೆ ಅಲ್ಲಿ ಆಳುತ್ತಿದ್ದನು. ಇಂದಿನ ಹೊಸಪೇಟೆಯೂ ಅವನೇ ತನ್ನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರ. ಸುಮಾರು 1520ರಲ್ಲಿ ಆ ನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಮಾರಾಟವಾಗುತ್ತಿದ್ದುದನ್ನು ವರ್ಣಿಸಿದ್ದಾನೆ. ರತ್ನದ ವ್ಯಾಪಾರವನ್ನು ಬಿಟ್ಟುಬಂದವನು ರತ್ನದ ವ್ಯಾಪಾರಕ್ಕೇ ಹೆಸರಾದ ನಗರದಲ್ಲಿ ಬಾಳಬೇಕಾಯಿತು. ಬಿಟ್ಟುದರ ಆಸೆ ಮರಳಿ ಚಿಗುರುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಮತ್ತೊಂದಿರಲಾರದು. ಅಂಥ ಕಡೆಯಲ್ಲಿ ಅವನ ವ್ರತ ನಿಂತಿತು ಎಂಬುದೇ ಅದರ ಬಲವನ್ನು ತೋರಿಸುತ್ತದೆ.

ವಿಜಯನಗರದಲ್ಲಿ ಆಗ ವ್ಯಾಸರಾಯರು ನೆಲೆಸಿದ್ದರು. ಅವರು ದ್ವೈತ ವೇದಾಂತದ ಮಹಾಪಂಡಿತರು. ಕೃಷ್ಣದೇವರಾಯನು ಗುರುವೆಂದು ಗೌರವಿಸಿದ ಯತಿಗಳು. ಸಂಸ್ಕೃತದಲ್ಲಿ ನ್ಯಾಯಾಮೃತದಂತಹ ಕಠಿಣ ಗ್ರಂಥಗಳನ್ನು ಬರೆದ ಅವರೇ ಕನ್ನಡದಲ್ಲಿ ಕೀರ್ತನೆಗಳನ್ನೂ ರಚಿಸಿದರು. ಶಾಸ್ತ್ರದ ಸಾರ ಸಾಮಾನ್ಯರಿಗೆ ತಿಳಿಯಬೇಕಾದರೆ ಅದು ತಾಯ್ನುಡಿಯಲ್ಲಿ ಹಾಡಾಗಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಸುಮಾರು 1525ರಲ್ಲಿ, ತನ್ನ ನಲವತ್ತರ ವಯಸ್ಸಿನಲ್ಲಿ, ಶ್ರೀನಿವಾಸ ನಾಯಕನು ಅವರಿಂದ ದಾಸದೀಕ್ಷೆಯನ್ನು ಪಡೆದನೆಂದು ಪ್ರತೀತಿ. ಅಂದಿನಿಂದ ನಾಯಕನ ಹೆಸರು ಅಳಿದು ಪುರಂದರದಾಸರೆಂಬ ಹೆಸರು ಉಳಿಯಿತು. ಪುರಂದರ ವಿಠ್ಠಲ ಎಂಬುದು ಅವರ ಪದಗಳ ಅಂಕಿತವಾಯಿತು. ಕುರುಬ ಕುಲದ ಕನಕದಾಸರೂ ಇದೇ ಗುರುಗಳ ಶಿಷ್ಯರಾಗಿದ್ದರು. ಬಾಳಿನ ಬೇರೆ ಬೇರೆ ದಾರಿಗಳಿಂದ ಬಂದ ಈ ಇಬ್ಬರೂ ಒಂದೇ ಕಡೆ ಸೇರಿ ಕನ್ನಡ ದಾಸಸಾಹಿತ್ಯದ ಎರಡು ಕಣ್ಣುಗಳಾದರು.

ದಾಸರ ದಿನಚರಿ ಸರಳವಾಗಿತ್ತು. ಕಾಲಿಗೆ ಗೆಜ್ಜೆ, ಕೊರಳಿಗೆ ತುಲಸೀಮಾಲೆ, ಕೈಯಲ್ಲಿ ತಂಬೂರಿ, ಭಿಕ್ಷೆಗೆ ಗೋಪಾಳಬುಟ್ಟಿ. ಬೆಳಗಾಗುತ್ತಲೇ ಹರಿನಾಮವನ್ನು ಹಾಡುತ್ತ ಬೀದಿಗಳಲ್ಲಿ ನಡೆಯುವರು. ಅಂದಿನ ಊಟಕ್ಕೆ ಬೇಕಾದಷ್ಟು ಅಕ್ಕಿ ದೊರೆತರೆ ಸಾಕು, ನಾಳೆಗೆಂದು ಕೂಡಿಡುತ್ತಿರಲಿಲ್ಲ. ಉಳಿದುದನ್ನು ಅಂದೇ ಹಂಚುವರು. ಹಿಂದೆ ಒಬ್ಬ ಯಾಚಕನನ್ನು ತಿಂಗಳುಗಟ್ಟಲೆ ನಿಲ್ಲಿಸಿದವರು ಈಗ ತಾವೇ ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಈ ಭಿಕ್ಷಾಟನೆಯನ್ನು ಅವರು ಅವಮಾನವೆಂದು ಬಗೆಯಲಿಲ್ಲ. ಅಹಂಕಾರವನ್ನು ಪ್ರತಿದಿನವೂ ತೊಳೆಯುವ ಸಾಧನವೆಂದು ಬಗೆದರು. ದೊರೆಯು ಅವರನ್ನು ಪರೀಕ್ಷಿಸಲೆಂದು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಕೊಡಿಸಿದನೆಂದೂ, ಅಕ್ಕಿಯನ್ನು ಆರಿಸುವಾಗ ಸರಸ್ವತಿ ಅವುಗಳನ್ನು ಕಲ್ಲುಗಳೆಂದು ಹಿತ್ತಿಲಿಗೆ ಎಸೆಯುತ್ತಿದ್ದಳೆಂದೂ ಒಂದು ಕಥೆಯಿದೆ. ರತ್ನದ ಬೆಲೆಯನ್ನು ಆ ಮನೆಯವರಷ್ಟು ಬಲ್ಲವರು ನಗರದಲ್ಲಿ ವಿರಳ. ತಿಳಿಯದೆ ಎಸೆಯುವವರ ವೈರಾಗ್ಯಕ್ಕಿಂತ ತಿಳಿದು ಎಸೆಯುವವರ ವೈರಾಗ್ಯ ದೊಡ್ಡದು.

ಪುರಂದರದಾಸರು 4,75,000 ಪದಗಳನ್ನು ರಚಿಸಿದರೆಂದು ಐತಿಹ್ಯವಿದೆ. ಇಂದು ದೊರೆಯುವವು ಸುಮಾರು ಒಂದು ಸಾವಿರ. ಕೀರ್ತನೆ, ಉಗಾಭೋಗ, ಸುಳಾದಿ ಎಂಬ ಮೂರು ರೂಪಗಳಲ್ಲಿ ಅವು ಹರಿದುಬಂದಿವೆ. ಬಾಲಕೃಷ್ಣನ ತುಂಟಾಟ, ಯಶೋದೆಯ ಸಂಭ್ರಮ, ಲೋಕನೀತಿ, ತತ್ತ್ವ ಎಲ್ಲವೂ ಅವುಗಳಲ್ಲಿವೆ. ಅವುಗಳ ನಡುವೆ ದಾಸರು ತಮ್ಮ ಹೃದಯವನ್ನು ದೇವರ ಮುಂದೆ ಬಿಚ್ಚಿಡುವ ಪದಗಳು ವಿಶೇಷವಾದವು. ಆಸೆ, ಕೋಪ, ಮತ್ಸರಗಳಲ್ಲಿ ದಿನ ಕಳೆದುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ತಮ್ಮನ್ನು ದಾಸನನ್ನಾಗಿ ಸ್ವೀಕರಿಸಬೇಕೆಂದು ಬೇಡುತ್ತಾರೆ. ತಮಗೆ ಒದಗಿದ ಬಡತನವನ್ನು ಹೊಗಳುವ ಪದವೊಂದರಲ್ಲಿ, ಬುಟ್ಟಿ ಹಿಡಿಯಲು ನಾಚುತ್ತಿದ್ದ ತಮ್ಮ ಕೈಗೆ ಅದನ್ನು ಕೊಡಿಸಿದವಳು ಹೆಂಡತಿಯೇ ಎಂದು ಹೇಳಿ, ಅವಳ ಸಂತತಿ ಬೆಳೆಯಲೆಂದು ಹರಸುತ್ತಾರೆ. ಮನೆಯಲ್ಲಿ ಹೆಂಡತಿಯನ್ನು ಭಯದಲ್ಲಿಟ್ಟಿದ್ದವರು ಅವಳ ಉಪಕಾರವನ್ನು ಬೀದಿಯಲ್ಲಿ ನಿಂತು ಹಾಡಿದರು. ತಪ್ಪೊಪ್ಪಿಗೆ ಇದಕ್ಕಿಂತ ಪೂರ್ಣವಾಗಿರಲು ಸಾಧ್ಯವಿಲ್ಲ.

ಇನ್ನೊಂದು ವಿಶೇಷವನ್ನೂ ಇಲ್ಲಿ ಗಮನಿಸಬೇಕು. ದಾಸರು ವ್ಯಾಪಾರವನ್ನು ಬಿಟ್ಟರೂ ವ್ಯಾಪಾರದ ಭಾಷೆ ಅವರನ್ನು ಬಿಡಲಿಲ್ಲ. ಹರಿನಾಮವನ್ನು ಅವರು ಒಮ್ಮೆ ಕಲ್ಲುಸಕ್ಕರೆಯಾಗಿ, ಒಮ್ಮೆ ಮುತ್ತಾಗಿ ಮಾರಲು ಹೊರಡುತ್ತಾರೆ. ಆ ಸರಕನ್ನು ಎತ್ತುಗಳ ಮೇಲೆ ಹೇರಬೇಕಾಗಿಲ್ಲ. ಅದಕ್ಕೆ ಸುಂಕವಿಲ್ಲ, ನಷ್ಟವಿಲ್ಲ. ಕೊಂಡಷ್ಟೂ ಅದು ಕಡಿಮೆಯಾಗುವುದಿಲ್ಲ. ತೂಕ, ಬೆಲೆ, ಲಾಭ, ಸುಂಕ ಎಂಬ ಅಂಗಡಿಯ ಮಾತುಗಳೇ ಭಕ್ತಿಯ ಮಾತುಗಳಾದವು. ನಿಜವಾದ ಪರಿವರ್ತನೆ ಮನುಷ್ಯನ ಶಕ್ತಿಯನ್ನು ನಾಶಮಾಡುವುದಿಲ್ಲ. ಕೆಟ್ಟ ದಾರಿಯಲ್ಲಿ ಹರಿಯುತ್ತಿದ್ದ ಶಕ್ತಿಯನ್ನು ಒಳ್ಳೆಯ ದಾರಿಗೆ ತಿರುಗಿಸುತ್ತದೆ. ತುಂಗಭದ್ರೆಯ ನೀರನ್ನು ಕಾಲುವೆಗೆ ತಿರುಗಿಸಿ ಹಂಪೆ, ಕಂಪ್ಲಿಗಳ ಸುತ್ತಲಿನ ಗದ್ದೆಗಳನ್ನು ಬೆಳೆಸಿದಂತೆ ದಾಸರು ತಮ್ಮ ಜಾಣ್ಮೆಯನ್ನು ತಿರುಗಿಸಿಕೊಂಡರು.

ತಮ್ಮ ದೋಷವನ್ನು ಮೊದಲು ಕಂಡುಕೊಂಡವರಾದುದರಿಂದ ಲೋಕದ ದೋಷವನ್ನು ಹೇಳುವ ಅಧಿಕಾರ ಅವರಿಗೆ ಬಂದಿತು. ಒಳಗಿನ ಕೊಳೆಯನ್ನು ಬಿಟ್ಟು ಮೈಯನ್ನು ಮಾತ್ರ ತೊಳೆಯುವ ಸ್ನಾನವನ್ನು ಅವರು ಹಾಸ್ಯಮಾಡಿದರು. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ಹಾಕಿ, ಕಂಚುಗಾರನ ಅಂಗಡಿಯಂತೆ ಪೂಜೆಯ ಪ್ರತಿಮೆಗಳನ್ನು ಜೋಡಿಸಿಡುವ ಡಾಂಭಿಕರನ್ನು ಖಂಡಿಸಿದರು. ಹೊಲೆತನವಿರುವುದು ಹುಟ್ಟಿನಲ್ಲಲ್ಲ, ಕೆಟ್ಟ ನಡತೆಯಲ್ಲಿ ಎಂದು ಸಾರಿದರು. ಜಾತಿಯ ಕಟ್ಟುಪಾಡು ಬಲವಾಗಿದ್ದ ಆ ಕಾಲದಲ್ಲಿ ಇದು ಧೈರ್ಯದ ಮಾತಾಗಿತ್ತು.

ಹಾಗೆಂದು ಒಮ್ಮೆ ಪಶ್ಚಾತ್ತಾಪಪಟ್ಟ ಮಾತ್ರಕ್ಕೆ ದಾಸರು ಎಲ್ಲ ದೋಷಗಳಿಂದ ಮುಕ್ತರಾದರೆಂದು ಪರಂಪರೆ ಹೇಳುವುದಿಲ್ಲ. ಪಂಢರಪುರದ ಕಥೆ ಇದಕ್ಕೆ ಸಾಕ್ಷಿ. ಒಂದು ರಾತ್ರಿ ದಾಸರು ಶಿಷ್ಯನನ್ನು ನೀರಿಗಾಗಿ ಕೂಗಿದರು. ನೀರು ತಡವಾಗಿ ಬಂದಿತು. ಸಿಟ್ಟಿನ ಭರದಲ್ಲಿ ಅವರು ತಂಬಿಗೆಯಿಂದ ಅವನ ಮುಖಕ್ಕೆ ಹೊಡೆದರು. ಬೆಳಗಾದ ಮೇಲೆ ವಿಚಾರಿಸಿದರೆ, ಶಿಷ್ಯನು ಗಾಢನಿದ್ರೆಯಲ್ಲಿದ್ದನು. ನೀರು ತಂದವನು ಅವನಲ್ಲ. ಅದೇ ವೇಳೆಗೆ ದೇವಾಲಯದಿಂದ ಕಾಣೆಯಾದ ಚಿನ್ನದ ಕಂಕಣವು ಒಬ್ಬ ನರ್ತಕಿಯ ಮನೆಯಲ್ಲಿ ದೊರೆತು, ಕೊಟ್ಟವರು ದಾಸರೆಂದು ಅವಳು ಹೇಳಿದ್ದರಿಂದ, ಅವರನ್ನು ಕಂಬಕ್ಕೆ ಕಟ್ಟಿ ಹೊಡೆದರಂತೆ. ನೀರು ತಂದವನೂ ಕಂಕಣ ಕೊಟ್ಟವನೂ ವಿಠ್ಠಲನೇ ಎಂದು ಕಥೆಯ ಕೊನೆ. ಮಾಡದ ಕಳವಿಗೆ ಬಿದ್ದ ಏಟನ್ನು ದಾಸರು ಮಾಡಿದ ಕೋಪಕ್ಕೆ ತಕ್ಕ ಶಿಕ್ಷೆಯೆಂದು ಸ್ವೀಕರಿಸಿದರು. ಪಂಢರಪುರದ ಗುಡಿಯಲ್ಲಿ ಪುರಂದರದಾಸರ ಹೆಸರಿನ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಲೋಭ ಹೋದರೂ ಕೋಪ ಉಳಿದಿತ್ತು. ಅದನ್ನೂ ಕಂಡು, ಒಪ್ಪಿಕೊಂಡು, ಅವರು ಮತ್ತೊಮ್ಮೆ ಹರಿಯ ಪಾದವನ್ನು ಹಿಡಿದರು. ಪಶ್ಚಾತ್ತಾಪ ಒಂದು ದಿನದ ಕೆಲಸವಲ್ಲ, ಬಾಳಿನುದ್ದದ ಸಾಧನೆ ಎಂಬುದು ಈ ಕಥೆಯ ಅಭಿಪ್ರಾಯ.

ಜಗತ್ತಿನ ಬೇರೆ ಧರ್ಮಗಳಲ್ಲಿಯೂ ಇಂಥ ಬಾಳುಗಳು ಕಾಣಸಿಗುತ್ತವೆ. ಕ್ರೈಸ್ತ ಧರ್ಮದಲ್ಲಿ ಪಾಪನಿವೇದನೆಗೂ ಪಶ್ಚಾತ್ತಾಪಕ್ಕೂ ಹಿರಿಯ ಸ್ಥಾನವಿದೆ. ತಪ್ಪಿಗಾಗಿ ಮನಸಾರೆ ದುಃಖಿಸುವುದು, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು, ಆದ ಹಾನಿಯನ್ನು ಕೈಲಾದಷ್ಟು ತುಂಬಿಕೊಡುವುದು, ಹೊಸ ಬಾಳನ್ನು ನಡೆಸುವೆನೆಂದು ಸಂಕಲ್ಪಿಸುವುದು ಇವೆಲ್ಲವೂ ಅಲ್ಲಿ ಪಶ್ಚಾತ್ತಾಪದ ಅಂಗಗಳು. ಬೈಬಲಿನ ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನು ಯೇಸುವನ್ನು ಕಂಡ ದಿನವೇ ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡಲೂ, ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲೂ ಮುಂದಾದನು. ಉತ್ತರ ಆಫ್ರಿಕದ ಸಂತ ಅಗಸ್ಟೀನರು ತಮ್ಮ ಯೌವನದ ತಪ್ಪುಗಳನ್ನು ದೇವರಿಗೆ ನಿವೇದಿಸುವ ಗ್ರಂಥವನ್ನೇ ಬರೆದರು. ಇಟಲಿಯ ಅಸಿಸಿ ಎಂಬ ಊರಿನ ಬಟ್ಟೆವ್ಯಾಪಾರಿಯ ಮಗ ಫ್ರಾನ್ಸಿಸ್, 1206ರಲ್ಲಿ ಬಿಷಪ್ಪರ ಎದುರಿನಲ್ಲಿ ಉಟ್ಟ ಉಡುಪನ್ನೂ ತಂದೆಗೆ ಒಪ್ಪಿಸಿ ಬಡತನವನ್ನು ವರಿಸಿದನು. ಮುಂದೆ ಸಂತನಾಗಿ ಪೂಜಿತನಾದನು. ಇವರ ಮತ ಬೇರೆ, ನುಡಿ ಬೇರೆ, ಕಾಲ ಬೇರೆ. ಆದರೆ ಅಸಿಸಿಯ ವ್ಯಾಪಾರಿಯ ಮಗನೂ ವಿಜಯನಗರದ ದಾಸರೂ ನಡೆದ ದಾರಿ ಒಂದೇ.

ಪುರಂದರದಾಸರ ಪ್ರಭಾವ ಅವರ ಕಾಲಕ್ಕೆ ಮುಗಿಯಲಿಲ್ಲ. ಅವರ ಗುರುಗಳಾದ ವ್ಯಾಸರಾಯರೇ ಶಿಷ್ಯನ ದಾಸತ್ವವನ್ನು ಕೊಂಡಾಡಿ ಹಾಡಿದರು. ಶಿಷ್ಯನ ಹಿರಿಮೆಯನ್ನು ಗುರುವೇ ಹಾಡುವ ಭಾಗ್ಯ ಎಲ್ಲರಿಗೂ ಸಿಗುವಂಥದಲ್ಲ. 18ನೆಯ ಶತಮಾನದಲ್ಲಿ ದಾಸಸಾಹಿತ್ಯಕ್ಕೆ ಮತ್ತೆ ಜೀವ ತುಂಬಿದ ವಿಜಯದಾಸರು ಪುರಂದರದಾಸರನ್ನೇ ತಮ್ಮ ಗುರುವೆಂದು ಭಾವಿಸಿದರು. ತಮಿಳುನಾಡಿನಲ್ಲಿ ಬಾಳಿ ತೆಲುಗಿನಲ್ಲಿ ಹಾಡಿದ ತ್ಯಾಗರಾಜರು ತಮ್ಮ ಕೃತಿಯೊಂದರಲ್ಲಿ ದಾಸರಿಗೆ ಗೌರವ ಸಲ್ಲಿಸಿದ್ದಾರೆ. ಒಬ್ಬ ಲೋಭಿಯ ಪಶ್ಚಾತ್ತಾಪದಿಂದ ಹುಟ್ಟಿದ ನಾದ ಇಡೀ ದಕ್ಷಿಣ ಭಾರತದ ಆಸ್ತಿಯಾಯಿತು.

ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಅವರ ವೃಂದಾವನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿದೆ. ಪುರಂದರದಾಸರು 1564ರಲ್ಲಿ ಪುಷ್ಯ ಮಾಸದ ಅಮಾವಾಸ್ಯೆಯಂದು ಹರಿಪಾದವನ್ನು ಸೇರಿದರೆಂದು ಪರಂಪರೆ ನಂಬುತ್ತದೆ. ಪ್ರತಿವರ್ಷವೂ ಆ ತಿಥಿಯಂದು ಅವರ ಆರಾಧನೆ ನಡೆಯುತ್ತದೆ. ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ, ನದಿಯ ಅಂಚಿನಲ್ಲಿ ಪುರಂದರ ಮಂಟಪವೆಂಬ ಸರಳವಾದ ಕಲ್ಲುಮಂಟಪವಿದೆ. ದಾಸರು ಅಲ್ಲಿ ಕುಳಿತು ಹಾಡುತ್ತಿದ್ದರೆಂದು ಜನ ನಂಬುತ್ತಾರೆ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮಂಟಪ ಮುಳುಗುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ತಲೆಯೆತ್ತುತ್ತದೆ.

ದಾಸರು ಕಣ್ಮರೆಯಾದ ಸ್ವಲ್ಪ ಕಾಲದಲ್ಲೇ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರದ ಸೈನ್ಯ ಸೋತಿತು. ನಗರ ಸೂರೆಯಾಯಿತು. ರತ್ನಗಳನ್ನು ಮಾರುತ್ತಿದ್ದ ಬೀದಿಗಳು ಹಾಳಾದವು. ಕೋಟಿಗಟ್ಟಲೆ ಹಣ ಗಳಿಸಿದ ಅಲ್ಲಿನ ವರ್ತಕರ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ. ಎಲ್ಲವನ್ನೂ ಬಿಟ್ಟುಕೊಟ್ಟ ಒಬ್ಬ ವರ್ತಕನ ಹೆಸರು ಮಾತ್ರ ಉಳಿದಿದೆ. ತಪ್ಪು ಮಾಡದವರಿಲ್ಲ, ತಪ್ಪನ್ನು ಕಂಡು, ಒಪ್ಪಿಕೊಂಡು, ಅದರಿಂದ ಹಿಂದಿರುಗಿ, ಹಿಡಿದ ಹೊಸ ದಾರಿಯನ್ನು ಕೊನೆಯವರೆಗೂ ನಡೆದವರು ವಿರಳ. ಅಂಥ ವಿರಳರಲ್ಲಿ ಪುರಂದರದಾಸರು ಒಬ್ಬರು. ಅವರು ಕೂಡಿಟ್ಟ ಒಂಬತ್ತು ಕೋಟಿ ಅವರ ಕಾಲದಲ್ಲೇ ಕೈಬಿಟ್ಟುಹೋಯಿತು. ಕೊಟ್ಟುಹೋದ ಹಾಡುಗಳಾದರೋ ಐದು ಶತಮಾನಗಳಿಂದ ಖರ್ಚಾಗುತ್ತಲೇ ಇವೆ, ಇನ್ನೂ ಮುಗಿದಿಲ್ಲ.